ಹುಣ್ಣಿಮೆಯಲ್ಲಿ ಕಾಣದ ಕುಳಿ

ಅಫಜಲಪುರ, ೧೪ ನವೆಂಬರ್ ೧೯೮೧, ಶನಿವಾರ

ಸೊಲ್ಲು ಕಳೆದುಕೊಂಡು ಸೊಲ್ಲಾಪುರದಿಂದ ಬಂದೆ.

ಈ ವಾಕ್ಯವನ್ನು ಆಸ್ಪತ್ರೆಯ ಮಂಚದ ಮೇಲೆಯೇ ಹೊಂದಿಸಿಟ್ಟಿದ್ದೆ. ಹೇಳೋಣವೆಂದರೆ ಬಾಯಿ ತೆರೆಯುವಂತಿಲ್ಲ. ಇಷ್ಟು ಒಳ್ಳೆಯ ವಾಕ್ಯ ಹಾಳಾಗಬಾರದೆಂದು ಈ ಡೈರಿ ಶುರು ಮಾಡಿದ್ದೇನೆ.

ಗಂಟಲಲ್ಲಿ ಗಂಟಾಗಿತ್ತು. ಇಷ್ಟು ವರ್ಷ ಕಾಲೇಜಿನಲ್ಲಿ ಭೂಗೋಳ ಕಲಿಸಿ ಬ್ಯಾಂಕಿನಲ್ಲಿ ಮಾಡಲಾಗದ ಗಂಟನ್ನು ಗಂಟಲಲ್ಲಿ ಮಾಡಿಕೊಂಡಿದ್ದೆ. ಡಾಕ್ಟರು ಅದನ್ನೂ ಬಿಡಿಸಿಕೊಂಡು ಕಳಿಸಿದರು. ಡಿಸೆಂಬರ್ ಇಪ್ಪತ್ತನಾಲ್ಕಕ್ಕೆ ಮತ್ತೆ ತೋರಿಸಬೇಕು. ಅಲ್ಲಿಯವರೆಗೆ ಮಾತಿಲ್ಲ, ಪಿಸುಮಾತಂತೂ ಇಲ್ಲವೇ ಇಲ್ಲ, ಕೆಮ್ಮು ಬಂದರೂ ವಿಚಾರ ಮಾಡಿ ಕೆಮ್ಮಬೇಕು. ಆಮೇಲೆ ದನಿ ಮೊದಲಿನಂತೆ ಬರುತ್ತದೆಯೇ ಎಂದು ಪಾಟಿಯ ಮೇಲೆ ಬರೆದು ಕೇಳಿದೆ. "ನೋಡೋಣ" ಎಂದರು. ಕಿವಿ ಮೂಗು ಗಂಟಲಿನ ಡಾಕ್ಟರು ನೋಡೋಣ ಎಂದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕೇ ಎಂದೂ ಬರೆಯುವವನಿದ್ದೆ. ಹೆಂಡತಿ ಗುರುಶಾಂತಮ್ಮ ಬಳಪ ಕಸಿದುಕೊಂಡಳು.

ಅಂತೂ ಪಾಠ ಹೇಳುವವನ ಕೈಗೆ ಪಾಟಿ ಬಂತು. ಮದುವೆಗೆ ಮುಂಚೆ ಹೆಣ್ಣಿನ ಹೆಸರು ಕೇಳಿದಾಗಲೇ ನಾನು ಎಚ್ಚರಾಗಬೇಕಿತ್ತು. ಗುರು ಶಾಂತನಾಗುವ ಯೋಗ ಅದರಲ್ಲೇ ಇತ್ತು.

ಬಸ್ಸಿನಲ್ಲಿ ಕಂಡಕ್ಟರು "ಎಲ್ಲಿಗ್ರಿ?" ಎಂದ. ಪಾಟಿ ತೋರಿಸಿದೆ. ಹುಟ್ಟು ಮೂಕನೆಂದು ತಿಳಿದು ಅವನೂ ಕೈಸನ್ನೆ ಮಾಡತೊಡಗಿದ. ಗುರುಶಾಂತಮ್ಮ, "ಕಿವಿ ಕೇಳಸ್ತಾವ್ರಿ ಅವ್ರಿಗಿ. ಬಾಯಿ ಅಷ್ಟೇ ರಿಪೇರಿಗಿ ಹಾಕೇವಿ" ಎಂದಳು. ಇಡೀ ಬಸ್ಸು ನಕ್ಕಿತು. ಅವಳ ಮಾತಿಗೆ ಜನ ನಕ್ಕದ್ದನ್ನು ನಾನು ನೋಡಿದ್ದು ಇದೇ ಮೊದಲು. ನಾನಾಗಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದೆ.

೧೬ ನವೆಂಬರ್, ಸೋಮವಾರ

ದನಿ ಹೋದವನು ಇಂದು ದಣಿಯ ಮುಂದೆ ನಿಂತೆ. ದೌಲತರಾಯರು ನಮ್ಮ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು. ಭೀಮಾ ದಂಡೆಯ ಮೇಲೆ ಕಬ್ಬು, ಎರೆಯಲ್ಲಿ ತೊಗರಿ, ಊರಲ್ಲಿ ಕಾಲೇಜು ಬೆಳೆಯುತ್ತಾರೆ. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಬರೆಯಬಹುದಿತ್ತು.

"ಜಗದೇವಪ್ಪ ಮಾಸ್ತರ, ಸಿಟ್ಟಿಲೆ ಹೇಳಾಕತ್ತಿಲ್ಲ ನಾ" ಎಂದರು. "ಹುಡುಗ್ರು ದೂರದೂರದಿಂದ ಬಸ್ಸಿಗಿ ಜೋತುಬಿದ್ದು ಬರ್ತಾವ. ಅವಕ್ಕ ಪಾಠ ಕೇಳಸಬೇಕು. ಜನವರಿ ನಾಲ್ಕಕ್ಕ ನಾನೇ ಬಂದು ಹಿಂದಿನ ಬೆಂಚಿನ್ಯಾಗ ಕೂಡ್ರತೇನಿ. ಅಲ್ಲೀತನ ನಿಮ್ಮ ಮಾತು ಕೇಳಸ್ತು ಅಂದ್ರ ನೀವೇ ಮಾಸ್ತರ. ಕೇಳಸಲಿಲ್ಲ, ಜೇವರ್ಗಿ ಹುಡುಗ ಒಬ್ಬ ಎಂ.ಎ. ಮಾಡಿ ಕುಂತಾನ."

ಜೇವರ್ಗಿ ನನ್ನ ಹುಟ್ಟೂರು. ನನ್ನ ಊರಿನ ನೀರು ಕುಡಿದವನೇ ನನ್ನ ಕುರ್ಚಿಗೆ ಬರುವುದಾದರೆ ಊರಿನ ಅಭಿಮಾನವಾದರೂ ಉಳಿಯುತ್ತದೆ ಎಂದು ಪಾಟಿಯ ಮೇಲೆ ಬರೆದೆ. ತೋರಿಸದೆ ಅಳಿಸಿದೆ.

ಅಲ್ಲಿಯವರೆಗೆ ನಾನು ಬೋರ್ಡಿನ ಮೇಲೆ ಬರೆಯಬೇಕು, ಉರ್ದು ಮೇಷ್ಟ್ರು ಬುರಾನುದ್ದೀನ ತನ್ನ ಬಿಡುವಿನಲ್ಲಿ ಬಂದು ಗಟ್ಟಿಯಾಗಿ ಓದಬೇಕು. ಈ ಏರ್ಪಾಟನ್ನು ಅವನೇ ಮೇಲೆ ಬಿದ್ದು ಮಾಡಿಕೊಂಡ. ನನ್ನ ಹಾಸ್ಯವನ್ನು ಅವನು ಸಾವಿನ ಸುದ್ದಿಯಂತೆ ಓದುತ್ತಾನೆ. ನಾನು ಹೇಳಿದಾಗ ನಗುತ್ತಿದ್ದುದಕ್ಕಿಂತ ಹೆಚ್ಚು ಹುಡುಗರು ನಕ್ಕರು. ಇದನ್ನು ಆರೋಗ್ಯದ ಲಕ್ಷಣವೆಂದು ತಿಳಿಯಲೇ?

೧೯ ನವೆಂಬರ್

ಇಂದು ಬರೆಯಲು ಏನೂ ಇಲ್ಲ. ಮಾತಾಡಿದ್ದರೆ ಇರುತ್ತಿತ್ತು.

೨೪ ನವೆಂಬರ್, ಮಂಗಳವಾರ

ಮುಂದಿನ ತಿಂಗಳು ಚಂದ್ರನ ಪಾಠ. ಅದು ನನ್ನ ಹೆಸರಾಂತ ಪಾಠ. ಒಂದು ತಾಸು ಉಸಿರು ಬಿಡದೆ ಹೇಳುತ್ತಿದ್ದೆ, ಬೇರೆ ವರ್ಗದವರು ಬಂದು ಕಿಟಕಿಗೆ ನಿಲ್ಲುತ್ತಿದ್ದರು. ಅದರಲ್ಲಿ ಚಂದ್ರನ ಪಾಲು ಕಡಿಮೆ, ನನ್ನ ಪಾಲು ಜಾಸ್ತಿ ಎಂದು ಬುರಾನುದ್ದೀನ ಅನ್ನುವುದುಂಟು. ಈ ಸಲ ಹೇಳುವುದಾಗದು, ತೋರಿಸಬೇಕು.

ತೋರಿಸಬೇಕಾದದ್ದು ಇಷ್ಟು. ಚಂದ್ರನ ಮೇಲೆ ಬಾನಗಲ್ಲು ಬಂದು ಬಡಿದರೆ ಕುಳಿ ಬೀಳುತ್ತದೆ. ಬಡಿದ ರಭಸಕ್ಕೆ ಒಳಗಿನ ಪುಡಿ ಸಿಡಿದು ಸುತ್ತಲೂ ಬಿಳಿ ಬಿಳಿ ಗೆರೆಗಳಾಗಿ ದೂರ ದೂರ ಹರಡುತ್ತದೆ. ಟೈಕೋ ಎಂಬ ಕುಳಿಯ ಗೆರೆಗಳು ಬರಿಗಣ್ಣಿಗೂ ಬೆಳಕಿನ ಕಲೆಯಂತೆ ಕಾಣುತ್ತವೆ. ಪಾಟಿಯ ಮೇಲೆ ಯೋಜನೆ ಬರೆದೆ: ರೊಟ್ಟಿಹಿಟ್ಟು ನಾದುವ ಅಗಲ ಪರಾತ, ಜೋಳದ ಹಿಟ್ಟು, ಮೇಲೆ ತೆಳ್ಳಗೆ ಕರಿ ಎರೆಮಣ್ಣಿನ ಪುಡಿ, ಎತ್ತರದಿಂದ ಒಂದು ಗೋಲಿ.

ಗುರುಶಾಂತಮ್ಮ ರೊಟ್ಟಿ ಬಡಿಯುತ್ತ ಕತ್ತು ಚಾಚಿ ಓದಿದಳು. "ಉಣ್ಣೋ ಹಿಟ್ಟಿನ್ಯಾಗ ಮಣ್ಣು ಹಾಕೋದಾ? ನಿಮ್ಮ ಚಂದ್ರಗ ಹೇಳ್ರಿ, ಈ ಮನ್ಯಾಗ ಆಗಂಗಿಲ್ಲ."

ಸಂಜೆ ಬಂದಾಗ ಅಂಗಳದಲ್ಲಿ ಒಂದು ಗೋಣಿಚೀಲ ಇತ್ತು. ಗಿರಣಿಗೆ ಹೋಗಿ, ನೆಲಕ್ಕೆ ಉದುರಿ ಉಣ್ಣಲಿಕ್ಕೆ ಬಾರದ ಹಿಟ್ಟನ್ನು ಗುಡಿಸಿ ತಂದಿದ್ದಳು. ಗಿರಣಿಯವನು ಯಾಕೆಂದು ಕೇಳಿದನಂತೆ. "ನಮ್ಮ ಮನಿಯವ್ರು ಚಂದ್ರನ ಮ್ಯಾಲ ಕಲ್ಲು ಒಗಿಯೋರದಾರ ಅಂದೆ. ಪಾಪ ಅಂದ, ಇನ್ನಷ್ಟು ಹಾಕಿದ."

ಪರಾತದಲ್ಲಿ ಹಿಟ್ಟು ಹರವಿ ಅಂಗೈಯಿಂದ ಕನ್ನಡಿಯಂತೆ ನುಣ್ಣಗೆ ಮಾಡಿಕೊಟ್ಟಳು. ಮೇಲೆ ಮಣ್ಣು ಜರಡಿ ಹಿಡಿದೆವು. ಗೋಲಿ ಬಿಟ್ಟೆ. ಕುಳಿಯೇನೋ ಬಿತ್ತು, ಸುತ್ತ ಬಿಳಿಯ ಒಂದು ಉಂಗುರ. ಗೆರೆ ಒಂದೂ ಇಲ್ಲ. ಮತ್ತೆ ಮತ್ತೆ ಬಿಟ್ಟೆ. ಉಂಗುರ, ಉಂಗುರ, ಉಂಗುರ. ನಿಶ್ಚಿತಾರ್ಥಕ್ಕೆ ಸಾಕಾಗುವಷ್ಟು ಉಂಗುರ.

೩೦ ನವೆಂಬರ್, ಸೋಮವಾರ

ಗೆರೆ ಬಂದವು. ತರಿಸಿದ್ದು ಒಂದು ಕೋಳಿ.

ಪಕ್ಕದ ಮನೆಯ ಸುಲ್ತಾನಬಿಯ ಕೋಳಿ ಪರಾತದೊಳಗೆ ಇಳಿದು, ನುಣ್ಣಗೆ ಮಾಡಿಟ್ಟ ಚಂದ್ರನ ಮೇಲೆಲ್ಲ ಅಡ್ಡಾಡಿ, ಎರಡು ಕಡೆ ಕೆದರಿತು. ಕೋಳಿಯನ್ನು ಹುಶ್ ಅನ್ನಲೂ ಅಪ್ಪಣೆಯಿಲ್ಲದವನ ಪಾಡು ಏನು ಹೇಳಲಿ. ಅಂಗಳದ ತುಂಬ ಕೈ ಬೀಸಿಕೊಂಡು ಕುಣಿದೆ. ಸುಲ್ತಾನಬಿ ಗೋಡೆಯ ಮೇಲಿಂದ ನೋಡಿ, "ಏನ್ ಗುರುಶಾಂತವ್ವಾ, ನಿಮ್ಮ ಸಾಹೇಬ್ರಿಗಿ ಮೈಮ್ಯಾಲ ಏನರ ಬಂದದೇನ?" ಎಂದಳು.

ಸಿಟ್ಟಿನಲ್ಲಿ, ಹಿಟ್ಟು ಸರಿ ಮಾಡದೆಯೇ ಗೋಲಿ ಬಿಟ್ಟೆ. ಪರಾತದ ಅಂಚಿನ ತನಕ ಬಿಳಿ ಗೆರೆಗಳು ಸಿಡಿದವು. ಚಂದ್ರನ ಫೋಟೋದಲ್ಲಿ ಇರುವಂಥವೇ. ಆಮೇಲೆ ಬೆರಳಿನಿಂದ ನಾನೇ ತಗ್ಗುದಿನ್ನೆ ಮಾಡಿ ನೋಡಿದೆ; ಪ್ರತಿ ಸಲವೂ ಬಂದವು. ನುಣ್ಣಗಿದ್ದರೆ ಉಂಗುರ, ಕೆಟ್ಟಿದ್ದರೆ ಗೆರೆ. ಯಾಕೆಂದು ನನಗೆ ಗೊತ್ತಿಲ್ಲ. ನನ್ನ ಹತ್ತಿರ ಇರುವ ಪುಸ್ತಕಗಳಲ್ಲಿ ಇದರ ಸುದ್ದಿಯಿಲ್ಲ.

ಸುಲ್ತಾನಬಿ ಸಂಜೆ ಒಂದು ಲೋಟ ಹಾಲಿನಲ್ಲಿ ಅರಿಷಿಣ ಕದಡಿ ತಾನೇ ತಂದಳು, ಗಂಟಲಿಗೆಂದು. ಆರು ವರ್ಷದಿಂದ ಗೋಡೆಗೆ ಗೋಡೆ ಹಚ್ಚಿ ಇದ್ದೇವೆ, ಅವಳ ಗಂಡನಿಗೆ ಉಬ್ಬಸವಿದೆ ಎಂಬುದು ಇಂದು ತಿಳಿಯಿತು. ಹಾಲು ತಂದ ಅವಳು ಕೂತು ಹೇಳುತ್ತಲೇ ಇದ್ದಳು, ನಾನು ಪಾಟಿ ಹುಡುಕಲಿಲ್ಲ.

೭ ಡಿಸೆಂಬರ್, ಸೋಮವಾರ

ಇಂದು ಪಾಠ. ಪರಾತವನ್ನು ಮನೆಯಿಂದಲೇ ಬೇಕಷ್ಟು ಕೆಡಿಸಿಕೊಂಡು ಹೋಗಿ ಟೇಬಲ್ಲಿನ ಮೇಲಿಟ್ಟು, ಹಾಜರಿ ಪುಸ್ತಕ ತರಲು ಹೋದೆ. ಬಂದು, ಎಲ್ಲರೂ ನೋಡುತ್ತಿರುವಾಗ ಗೋಲಿ ಬಿಟ್ಟೆ. ಉಂಗುರ.

ನೋಡಿದರೆ ಹಿಟ್ಟು ಕನ್ನಡಿಯಾಗಿದೆ. ನಾನು ಹೊರಗೆ ಹೋದಾಗ ಚಂದಮ್ಮ ಫೂಟುಪಟ್ಟಿ ಹಿಡಿದು ಅದನ್ನು ಸಮ ಮಾಡಿ, ಮೇಲೆ ಮತ್ತೆ ಮಣ್ಣು ಉದುರಿಸಿದ್ದಾಳೆ. ಸರಸಂಬಾದ ಹುಡುಗಿ, ಇಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಾಳೆ. ವರ್ಗದಲ್ಲಿ ಅವಳ ದನಿಯನ್ನು ನಾನು ಹಾಜರಿಗೆ ಬಿಟ್ಟು ಬೇರೆ ಕೇಳಿದವನಲ್ಲ. ಮಾಸ್ತರರ ಮುಂದೆ ಪರಾತದ ಹಿಟ್ಟು ಅಂದಗೇಡಿಯಾಗಿ ಇರಬಾರದು ಎಂದು ಅವಳ ತಾಯಿ ಕಲಿಸಿದ ಮರ್ಯಾದೆ. ನಮ್ಮ ಕಡೆಯ ಯಾವ ಹುಡುಗಿಯಾದರೂ ಅದನ್ನೇ ಮಾಡುತ್ತಿದ್ದಳು.

ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ಕೆಡಿಸು.

"ಹ್ಯಾಂಗ ಕೆಡಸಲ್ರಿ ಸರ, ಪರಾತನ್ಯಾಗಿಂದು?"

ಬೆರಳು ಚುಚ್ಚಿ ತೋರಿಸಿದೆ. ಅವಳು ಕೈ ಹಿಂದೆ ಕಟ್ಟಿಕೊಂಡಳು. ಕೊನೆಗೆ ಎಲ್ಲರನ್ನೂ ಕರೆದೆ. ಒಬ್ಬೊಬ್ಬರೂ ಬಂದು ಒಂದೊಂದು ಬೆರಳು ಚುಚ್ಚಿ, ಏನೋ ತಪ್ಪು ಮಾಡಿದವರ ಹಾಗೆ ನಕ್ಕರು. ಚಂದಮ್ಮನ ಕೈಗೇ ಗೋಲಿ ಕೊಟ್ಟೆ.

ಗೆರೆ ಸಿಡಿದದ್ದೇ ಯಾರೂ ಬೆಂಚಿಗೆ ಮರಳಲಿಲ್ಲ. ಪರಾತದ ಸುತ್ತ ನಿಂತು ತಮ್ಮ ತಮ್ಮಲ್ಲೇ ವಾದಕ್ಕಿಳಿದರು. ಚಂದಮ್ಮ ಕೇಳಿದಳು: "ಗೋಲಿ ನೀಲಿದು, ಮಣ್ಣು ಕರೇದು. ಬಿಳೇದು ಎಲ್ಲಿಂದ ಬಂತ್ರಿ?"

ನಾನು ಬಳಪ ಎತ್ತಿದೆ. ಬರೆಯುವಷ್ಟರಲ್ಲಿ ಅವಳೇ ಅಂದಳು: "ತಳದಾಗಿಂದು. ಮೊದಲೇ ಇತ್ತು. ಕಾಣಸ್ತಿದ್ದಿಲ್ಲ ಅಷ್ಟೇ."

ಬಳಪ ಕೆಳಗಿಟ್ಟೆ.

ಬುರಾನುದ್ದೀನ ಓದಲು ಬಂದವನು ಬಾಗಿಲಲ್ಲೇ ನಿಂತಿದ್ದ. "ಅರೆ ಜಗದೇವಪ್ಪ, ಇವತ್ತು ನಂದೇನು ಕೆಲಸ?" ಎಂದ. ಏನೂ ಇರಲಿಲ್ಲ. ಅವನೂ ಒಂದು ಗೋಲಿ ಬಿಟ್ಟು ಹೋದ.

೧೧ ಡಿಸೆಂಬರ್, ಶುಕ್ರವಾರ. ಹೊಸ್ತಿಲ ಹುಣ್ಣಿಮೆ

ಬುರಾನುದ್ದೀನನ ಅಜ್ಜ ನಿಜಾಮರ ಕಾಲದಲ್ಲಿ ಶಿಕಾರಿಗೆ ಒಯ್ಯುತ್ತಿದ್ದ ದುರ್ಬೀನು ಇನ್ನೂ ಅವರ ಮನೆಯಲ್ಲಿದೆ. ಯಾರಿಗೂ ಮುಟ್ಟಗೊಡದ ಆ ದುರ್ಬೀನನ್ನು ಇಂದು ತನ್ನ ತಾಯಿಯ ಹತ್ತಿರ ಬೇಡಿ ತಂದ. ಹೊತ್ತು ಮುಳುಗುತ್ತಲೇ ಕಾಲೇಜಿನ ಮಾಳಿಗೆಯ ಮೇಲೆ ಎಲ್ಲರೂ ಸೇರಿದೆವು. ಚಂದ್ರ ತೊಗರಿ ಹೊಲಗಳ ಆಚೆಯಿಂದ ಎದ್ದ. ಬಲಗಡೆಗೆ, ಅಂಚಿಗೆ ಸಮೀಪ ಒಂದು ಬಿಳಿಯ ಚುಕ್ಕೆ, ಅಲ್ಲಿಂದ ನಾಲ್ಕೂ ಕಡೆ ಹೊರಟ ಗೆರೆಗಳು. ಪಾಳಿಯ ಮೇಲೆ ಒಬ್ಬೊಬ್ಬರೂ ನೋಡಿದರು.

"ಗೆರಿ ಕಾಣಸ್ತಾವ್ರಿ. ಕುಣಿ ಎಲ್ಲದರಿ?" ಎಂದು ಒಬ್ಬ ಕೇಳಿದ.

ಬೋರ್ಡು ಇರಲಿಲ್ಲ. ಬ್ಯಾಟರಿ ಬೆಳಕಿನಲ್ಲಿ ಪಾಟಿಯ ಮೇಲೆ ಬರೆದೆ: ಕುಳಿ ಕಾಣಬೇಕಾದರೆ ನೆರಳು ಬೇಕು, ಅದಕ್ಕೆ ಅರ್ಧಚಂದ್ರ ಬೇಕು. ಹುಣ್ಣಿಮೆಯಂದು ಬೆಳಕು ನೆಟ್ಟಗೆ ಬೀಳುತ್ತದೆ. ಆಗ ಪೆಟ್ಟು ಕಾಣುವುದಿಲ್ಲ, ಸಿಡಿದದ್ದು ಮಾತ್ರ ಕಾಣುತ್ತದೆ.

ಬುರಾನುದ್ದೀನ ಅದನ್ನು ಗಟ್ಟಿಯಾಗಿ ಓದಿದ. ಎಂದಿನಂತೆ ಸಾವಿನ ಸುದ್ದಿಯ ದನಿಯಲ್ಲಿ ಅಲ್ಲ. ಆಮೇಲೆ, "ಇದನ್ನ ಅಳಿಸಬ್ಯಾಡಪ್ಪ, ಅಮ್ಮಾಗ ತೋರಸ್ತೇನಿ" ಎಂದು ಪಾಟಿಯನ್ನೇ ಒಯ್ದ. ಈ ವರ್ಷ ಅವನ ತಂದೆ ತೀರಿಕೊಂಡರೆಂಬುದು ನನಗೆ ಗೊತ್ತಿತ್ತು. ಗೊತ್ತಿತ್ತು ಅಷ್ಟೇ.

ಪಾಟಿಯಿಲ್ಲದೆ ಮನೆಗೆ ಬಂದೆ. ತೊಂದರೆಯೇನೂ ಆಗಲಿಲ್ಲ.

೨೪ ಡಿಸೆಂಬರ್, ಗುರುವಾರ. ಸೊಲ್ಲಾಪುರ, ಬಸ್ ನಿಲ್ದಾಣ

ಡಾಕ್ಟರು ಗಂಟಲೊಳಗೆ ಕನ್ನಡಿ ಇಳಿಸಿ ನೋಡಿ, "ಆ ಅನ್ನಿ" ಎಂದರು. ಅಂದೆ. ಬಾವಿಯ ತಳದಲ್ಲಿ ಯಾರೋ ಕೊಡ ಎಳೆದ ಹಾಗೆ ಕೇಳಿಸಿತು. ನನ್ನ ದನಿ ಅಲ್ಲ. ನನ್ನ ದನಿಗೆ ಅಫಜಲಪುರದ ಪೇಟೆಯ ಎರಡು ತುದಿ ಗೊತ್ತಿದ್ದವು.

ಇನ್ನು ಮಾತಾಡಬಹುದು, ಆದರೆ ಹಗುರಾಗಿ. ಸ್ವಲ್ಪ ಸುಧಾರಿಸೀತು, ಬಹಳ ಆಸೆ ಬೇಡ. ಕೂಗಿದರೆ, ಒಂದೇ ಸಲ ಕೂಗಿದರೂ, ಇದೂ ಹೋದೀತು. ಹಾಗೆಂದರು. ಊರ ಸಮಾರಂಭಗಳಲ್ಲಿ ನನ್ನ ಭಾಷಣ ಬಂದ್, ನಿರೂಪಣೆ ಬಂದ್. ಹಿಂದಿನ ಬೆಂಚಿಗೆ ಮುಟ್ಟೀತೇ ಎಂದು ನಾನು ಕೇಳಲಿಲ್ಲ, ಉತ್ತರ ಗೊತ್ತಿತ್ತು.

ಹೊರಗೆ ಬಂದ ಮೇಲೆ ಗುರುಶಾಂತಮ್ಮ, "ಏನರ ಅನ್ರಿ" ಎಂದಳು. ಏನೇನೋ ಕೂಡಿಟ್ಟುಕೊಂಡಿದ್ದೆ, ಒಂದೂ ನೆನಪಾಗಲಿಲ್ಲ.

"ಚಹಾ ಕುಡೀತಿ?" ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಕುಡೀತೇನಿ" ಎಂದಳು. ಕುಡಿದೆವು.

ಕಿಣ್ಣಿ ಸುಲ್ತಾನ, ೨೬ ಡಿಸೆಂಬರ್, ಶನಿವಾರ. ಎಳ್ಳ ಅಮಾವಾಸ್ಯೆ

ಮಾವನವರ ಊರಿಗೆ ಬಂದಿದ್ದೇವೆ. ಆಳಂದ ತಾಲೂಕೆಲ್ಲ ಇಂದು ಹೊಲದಲ್ಲಿತ್ತು. ಬುತ್ತಿ ಕಟ್ಟಿಕೊಂಡು ಹೋಗಿ, ಪೂಜೆ ಮಾಡಿ, ಕಡಬು ಭಜ್ಜಿ ಅನ್ನ ಕಲಸಿದ ಚರಗವನ್ನು ಬೆಳೆಯ ನಡುವೆ ಎಸೆಯುತ್ತ ಹೊಲ ಸುತ್ತುವುದು. ಎಸೆಯುವವನು "ಹುಲ್ಲುಲ್ಲಿಗ್ಯೋ" ಎಂದು ಕೂಗಬೇಕು. ಹಿಂದೆ ನೀರು ಚಿಮುಕಿಸುತ್ತ ಬರುವವರು "ಸಲಾಂಬ್ರಿಗ್ಯೋ" ಎನ್ನಬೇಕು. ಕೂಗು ಎಷ್ಟು ದೂರ ಹೋಗುತ್ತದೋ ಅಷ್ಟು ಬೆಳೆ ಎಂದು ಜನ ನಂಬಿದ್ದಾರೆ.

ನಮ್ಮ ಮಾವನವರ ಹೆಸರು ದೊಡ್ಡಪ್ಪ. ಅವರಿಗೆ ಈ ವರ್ಷ ಮೊಣಕಾಲು ನೋವು. "ಚರಗ ಅಳಿಯಂದ್ರು ಚೆಲ್ಲಲಿ. ಅವ್ರ ದನಿ ಸೀಮಿ ದಾಟ್ತದ" ಎಂದು ಬುಟ್ಟಿಯನ್ನು ನನ್ನ ಕೈಗೆ ಕೊಟ್ಟರು. ಗಂಟಲು ವಾಸಿಯಾಗಿದೆ ಎಂಬಷ್ಟೇ ಅವರಿಗೆ ಗೊತ್ತು. ಮನೆಮಂದಿಯೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಸುತ್ತಲಿನ ಹೊಲಗಳಿಂದ ಕೂಗು ಬರುತ್ತಲೇ ಇತ್ತು. ಒಂದೇ ಸಲ, ಎನಿಸಿತು. ಉಸಿರು ತುಂಬಿಕೊಂಡೆ.

"ಬಾಯಿ ಮುಚ್ರಿ" ಎಂದಳು ಗುರುಶಾಂತಮ್ಮ. ನೀರಿನ ತಂಬಿಗೆ ಹಿಡಿದು ನನ್ನ ಹಿಂದೆಯೇ ಇದ್ದಳು. ಮುಚ್ಚಿದೆ.

ಆಮೇಲೆ ಅವಳೇ ಕೂಗಿದಳು. "ಹುಲ್ಲುಲ್ಲಿಗ್ಯೋ" ಎಂದು.

ಜೋಳದ ಮೇಲಿನ ಹಕ್ಕಿಗಳು ಒಟ್ಟಿಗೆ ಎದ್ದವು. ಹಳ್ಳದಾಚೆಯ ಹೊಲದವರು ತಮ್ಮ ಕೂಗು ಬಿಟ್ಟು ಇತ್ತ ತಿರುಗಿದರು. ಆ ದನಿಯನ್ನು ನಾನು ಕೇಳಿಯೇ ಇರಲಿಲ್ಲ. ಒಂದೇ ಮನೆಯಲ್ಲಿದ್ದೂ ಕೇಳಿರಲಿಲ್ಲ.

"ಹೆಣ್ಮಕ್ಕಳು ಮುಂದಿನ ಕೂಗು ಕೂಗಾಂಗಿಲ್ಲ ಬೇ" ಎಂದರು ದೊಡ್ಡಪ್ಪ.

"ಕೂಗಿದ್ದಾತು ಅಪ್ಪಾ. ಹಿಂದಿಂದು ನೀ ಅನ್ನು."

ಅವರು ನನ್ನನ್ನು ನೋಡಿದರು. ನಾನು ಗಂಟಲು ಮುಟ್ಟಿಕೊಂಡು, ಇದ್ದಷ್ಟು ದನಿಯಲ್ಲಿ, "ನನಗ ಇಷ್ಟೇ ಉಳದದ್ರಿ ಮಾವ" ಎಂದೆ. ಅವರು ಮಗಳ ಕೈಯಿಂದ ತಂಬಿಗೆ ತೆಗೆದುಕೊಂಡು, ಕುಂಟುತ್ತ ನಮ್ಮ ಹಿಂದೆ ಬಂದು, "ಸಲಾಂಬ್ರಿಗ್ಯೋ" ಎಂದರು.

ಮೂವರೂ ಹೊಲ ಸುತ್ತಿದೆವು. ನಾನು ಎಸೆದೆ, ಅವಳು ಕೂಗಿದಳು. ಕರಿ ಎರೆಯ ಮೇಲೆ ಅನ್ನ ಬೆಳ್ಳಗೆ ಬೀಳುತ್ತಿತ್ತು. ಊಟಕ್ಕೆ ಕೂತಾಗ ನನ್ನ ತಟ್ಟೆಗೆ ಮೊದಲು ಬಡಿಸಿದರು, ಯಾರೂ ಒಂದು ಮಾತು ಕೇಳಲಿಲ್ಲ. ಇವರಿಗೆ ನಾನು ಏನು ಕೊಟ್ಟೇನು.

ಅಫಜಲಪುರ, ೪ ಜನವರಿ ೧೯೮೨, ಸೋಮವಾರ

ಗುರುಶಾಂತಮ್ಮ ಹುಡುಗಿಯಾಗಿದ್ದಾಗ ಹಕ್ಕಿ ಬೀಳದಂತೆ ಜೋಳ ಕಾಯುತ್ತಿದ್ದಳಂತೆ. ಹೊಲದ ನಡುವಿನ ಅಟ್ಟದ ಮೇಲೆ ನಿಂತು, ನಸುಕಿನಿಂದ ಕೂಗು. ಆ ದನಿ ಅಲ್ಲಿಯದು. ಹಳ್ಳದಾಚೆಯ ಹೊಲದಲ್ಲಿ ಇನ್ನೊಬ್ಬ ಹುಡುಗಿ ಕಾಯುತ್ತಿದ್ದಳು, ಕಸ್ತೂರಿಬಾಯಿ ಎಂದು. ಇಬ್ಬರೂ ಆ ಸುಗ್ಗಿಯೆಲ್ಲ ಕೂಗಿಕೊಂಡೇ ಮಾತಾಡಿದರು. ಏನು ಉಂಡಿ, ಯಾರು ಬೈದರು, ಯಾವ ಸೀರೆ. "ಮಾರಿ ನೋಡಿದ್ದಿಲ್ಲರಿ ನಾ ಅಕಿದು. ದನಿ ಅಷ್ಟೇ ಗೊತ್ತಿತ್ತು. ಮುಂದ ಒಂದಿನ ಆಳಂದ ಸಂತ್ಯಾಗ ಬಳಿಗಾರನ ಮುಂದ ಕುಂತಿದ್ದೆ. ಬಾಜೂಕ ಒಬ್ಬಾಕಿ, ಹಸರ ಬ್ಯಾಡ ಕೆಂಪು ತೋರಸು ಅಂದಳು. ಬಳಿ ಇಡಸ್ಕೊಳ್ಳೋ ಕೈ ಹಂಗೇ ಜಗ್ಗಿಕೊಂಡೆ ನೋಡ್ರಿ." ಇಷ್ಟು ಹೇಳುವಾಗ ಒಲೆಯ ಮೇಲೆ ಹಾಲು ಉಕ್ಕಿತು, ಓಡಿದಳು.

ಅಂದಹಾಗೆ, ನೌಕರಿ ಉಳಿಯಿತು. ಮೊದಲು ಅದನ್ನೇ ಬರೆಯಬೇಕಿತ್ತು.

ದೌಲತರಾಯರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ನಾನು ಅವರ ಹಿಂದೆಯೇ ವರ್ಗದೊಳಗೆ ಕಾಲಿಟ್ಟೆ. ಬೆಂಚುಗಳೆಲ್ಲ ಬೋರ್ಡಿನತ್ತ ಬಂದು ಒಂದಕ್ಕೊಂದು ಒತ್ತಿ ನಿಂತಿವೆ; ಹಿಂದೆ ಅರ್ಧ ಕೋಣೆ ಖಾಲಿ. ಶಹಾಬಾದ ಕಲ್ಲಿನ ನೆಲದ ಮೇಲೆ ಎಳೆದ ಬಿಳಿ ಗೀರುಗಳು ಹಸಿಯಾಗಿದ್ದವು. ದೌಲತರಾಯರು ಗೀರು ನೋಡಿದರು.

"ಬೆಂಚು ಯಾರು ಸರಸ್ಯಾರ?"

ಚಂದಮ್ಮ ಎದ್ದು ನಿಂತಳು. "ನಾವ್ರಿ."

"ಯಾಕ?"

"ಸರ ಸಾವಕಾಶ ಮಾತಾಡ್ತಾರ್ರಿ. ನಮಗ ಕೇಳಬೇಕ್ರಿ."

ಅವರು ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ನನ್ನಿಂದ ನಾಲ್ಕು ಮಾರೂ ದೂರವಿರಲಿಲ್ಲ. ನದಿಗಳ ಪಾಠ ಮಾಡಿದೆ. ಹಗುರಾಗಿ ಮಾಡಿದೆ, ಹುಡುಗರು ಕೇಳಿದ್ದಕ್ಕೆಲ್ಲ ನಿಂತು ನಿಂತು ಹೇಳಿದೆ. ಭೀಮೆಗೆ ಮಹಾಪೂರ ಬಂದಾಗ ಅವರವರ ಮನೆಯಲ್ಲಿ ಆದದ್ದನ್ನು ಅವರೇ ಹೇಳಿದರು. ಅರ್ಧ ಪಾಠ ಅವರದೇ ಆಯಿತು. ಹೊರಗೆ ಬಂಡಿ ಹೋದರೆ ಮಾತು ನಿಲ್ಲಿಸಿ ಕಾದೆ, ಅವರೂ ಕಾದರು.

ಗಂಟೆ ಹೊಡೆದ ಮೇಲೆ ದೌಲತರಾಯರು ಎದ್ದರು. "ಹಿಂದಿನ ಬೆಂಚಿನ್ಯಾಗ ಕೂಡ್ರತೇನಿ ಅಂದಿದ್ದೆ, ಕುಂತೆ. ಕೇಳಸ್ತು" ಎಂದರು. ಬಾಗಿಲ ಹತ್ತಿರ ನಿಂತು, "ಆ ಜೇವರ್ಗಿ ಹುಡುಗಗ ಬ್ಯಾರೆ ಎಲ್ಲರ ನೋಡ್ತೇನಿ, ನಿಮ್ಮ ಊರಂವ ಅಲ್ಲೇನು" ಎಂದು ಸೇರಿಸಿದರು. ನಾನು ಕೈಮುಗಿದೆ. ಏನಾದರೂ ಚಮತ್ಕಾರದ ಮಾತು ಆಡಬಹುದಿತ್ತೆಂದು ಈಗ ಅನಿಸುತ್ತಿದೆ. ಆಗ ಹೊಳೆಯಲಿಲ್ಲ. ಸರಿಸಿದ ಬೆಂಚುಗಳನ್ನು ಇನ್ನು ಅಲ್ಲೇ ಬಿಡಿರೆಂದು ಪ್ಯೂನನಿಗೆ ಹೇಳಿ ಹೋದರಂತೆ.

ಬುರಾನುದ್ದೀನ ನನಗಿಂತ ಮುಂಚೆ ಸೈಕಲ್ಲು ತುಳಿದು ಬಂದು ಮನೆಯಲ್ಲಿ ಸುದ್ದಿ ಮುಟ್ಟಿಸಿದ್ದ. ಗುರುಶಾಂತಮ್ಮ ಬಾಗಿಲಲ್ಲೇ ನಿಂತಿದ್ದಳು. "ನೀವು ಹೇಳ್ರಿ, ಏನೇನಾತು" ಎಂದಳು. "ನಿಂದು ಮೊದಲ ಹೇಳು, ಆ ದನಿ ಎಲ್ಲಿತ್ತು" ಎಂದೆ. ಹಾಗೆ ಶುರುವಾದದ್ದು ಕಸ್ತೂರಿಬಾಯಿಯ ಸುದ್ದಿ.

ಹಾಲು ಇಳಿಸಿಯಾಯಿತೆಂದು ಕಾಣುತ್ತದೆ, ಕರೆಯುತ್ತಿದ್ದಾಳೆ. ಬಳೆಗಾರನ ಮುಂದೆ ಆಮೇಲೆ ಏನಾಯಿತೋ ಕೇಳಬೇಕು.